ಮಗ್ಗದ ಶೆಡ್ಡಿನ ಕಿವಿ

ಫೆಬ್ರವರಿ 2

ತಮ್ಮಾ,

ಈ ಕಾಗದದ ಮೂಲೆಗೆ ಅಂಟಿಸಿರುವ ಪುಟ್ಟ ಮೆಮೊರಿ ಕಾರ್ಡನ್ನು ಉಗುರಿನಿಂದ ಹುಷಾರಾಗಿ ಬಿಡಿಸಿಕೋ. ಅದರಲ್ಲಿ ನಮ್ಮ ಹಾಡಿದೆ.

ಕೇಳಿ ಫೋನು ಮಾಡಬೇಡ. ಫೋನಿನಲ್ಲಿ ನಿನ್ನ ಮಾತು ಗಂಟಲು ದಾಟಿ ಹೊರಗೆ ಬರುವುದೇ ಇಲ್ಲ. ನಾನು ಏನಂದೆ ಏನಂದೆ ಎನ್ನುವುದು, ನೀನು ರೇಗುವುದು. ಕಳೆದ ಸಲ ಅದೇ ಜಗಳವಾಗಿ ಅರ್ಧ ವರ್ಷ ಮಾತು ಬಿಟ್ಟದ್ದು ಸಾಕು. ಬರೆ. ಬರೆದರೆ ನೀನು ನುಂಗುವ ಅಕ್ಷರವೂ ಕಾಣಿಸುತ್ತದೆ.

ವಿಷಯ ಇಷ್ಟು. ಒಬ್ಬಳಿಗೆ ನಾಲ್ಕು ಮಗ್ಗ ಇದ್ದದ್ದನ್ನು ಕಂಪನಿ ಆರು ಮಾಡಿದೆ. ಎರಡು ಕೈ ಇದ್ದವರಿಗೆ ಆರು ಮಗ್ಗ ಕೊಡುವವನಿಗೆ ತಲೆ ಎಷ್ಟಿರಬಹುದು ಎಂದು ನಮ್ಮ ಶೆಡ್ಡಿನ ಎತ್ತರದವಳು, ಉದ್ದಕ್ಕ ಎನ್ನುತ್ತೇವೆ, ಕೇಳುತ್ತಾಳೆ. ನೇಯ್ಗೆಯವರು ನಾವು ಎದ್ದು ನಿಂತಿದ್ದೇವೆ. ಪ್ಯಾಕಿಂಗ್‌ನವರು, ಬಣ್ಣ ಹಾಕುವವರು ಮಾತ್ರ ನೋಡೋಣ ನೋಡೋಣ ಎನ್ನುತ್ತ ಕೂತಿದ್ದಾರೆ. ಏಪ್ರಿಲ್‌ನಲ್ಲಿ ಎಲ್ಲ ವಿಭಾಗಗಳ ಸಭೆ ಇದೆ. ಅವತ್ತು ಅವರನ್ನು ಎಬ್ಬಿಸಲು ಹಾಡು ಕಟ್ಟಿದ್ದೇವೆ.

ಅಕ್ಕ ಬಾರೇ, ತಂಗಿ ಬಾರೇ, ಮಗ್ಗ ನಿಲ್ಲಿಸಿ ಹೊರಗೆ ಬಾರೇ,
ಸದ್ದು ನಿಂತರೆ ಸಾಕು ಕಣೇ, ಸೊಲ್ಲು ನಮ್ಮದು ಕೇಳಿಸುವುದು.

ಹನ್ನೆರಡು ಜನ ಹಾಡಿದ್ದೇವೆ. ಹತ್ತಿ ಮೂಟೆಗಳ ಗೋದಾಮಿನಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಫೋನಿನಲ್ಲಿ ಹಿಡಿದೆ. ಮೂಟೆಗಳ ನಡುವೆ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲ, ಇದು ನೀನೇ ಎಂದೋ ಹೇಳಿಕೊಟ್ಟದ್ದು. ಆಮೇಲೆ ಸಂಘದ ಆಫೀಸಿನ ಹಳೇ ಕಂಪ್ಯೂಟರಿನಲ್ಲಿ ಕೂತು, ಹೆಡ್‌ಫೋನು ಹಾಕಿಕೊಂಡು, ಒಂದೊಂದು ದನಿಯನ್ನೂ ತಿದ್ದಿ ಒಂದಕ್ಕೆ ಸೇರಿಸಿದೆ. ನಿಮ್ಮ ಸ್ಟುಡಿಯೋ ಭಾಷೆಯಲ್ಲಿ ಮಿಕ್ಸ್. ನನ್ನ ಮೊದಲ ಮಿಕ್ಸ್. ನಾನು ತಿದ್ದಿದ ದನಿಗಳನ್ನು ಬಿಡಿಬಿಡಿಯಾಗಿಯೂ ಅದೇ ಕಾರ್ಡಿನಲ್ಲಿ ಇಟ್ಟಿದ್ದೇನೆ. ಹನ್ನೆರಡು ಜನವೂ ಕೇಳಿ ಸರಿಯಾಗಿದೆ ಎಂದಿದ್ದಾರೆ. ಆದರೂ ದಿನವೂ ಇದೇ ಕೆಲಸ ಮಾಡುವವನು ನೀನು. ಏನು ತಪ್ಪಿದೆ ಹೇಳು. ಅಕ್ಕ ಎಂದು ಮುಲಾಜು ಬೇಡ.

ನಿನ್ನ ಅಕ್ಕ


ಫೆಬ್ರವರಿ 14

ಅಕ್ಕಾ,

ಮುಲಾಜಿಲ್ಲದೆ ಬರೆಯುತ್ತೇನೆ. ಗೋದಾಮಿನ ಉಪಾಯ ಭೇಷಾಗಿದೆ. ಡೋಲಿನ ಪೆಟ್ಟು ಎದೆಗೇ ಬಂದು ಬೀಳುತ್ತದೆ, ಅದನ್ನು ಮುಟ್ಟಬೇಡ. ದಪ್ಪ ದನಿಯ ಯಾರೋ ದೊಡ್ಡಮ್ಮನನ್ನು ಮಧ್ಯದಲ್ಲಿ ಇಟ್ಟಿದ್ದೀಯಲ್ಲ, ಅದು ಕಲಿಸಿದರೆ ಬರುವ ಬುದ್ಧಿಯಲ್ಲ.

ಆದರೆ ದನಿಗಳು ವಿಪರೀತ ಚುಚ್ಚುತ್ತವೆ. ಸ, ಶ, ಚ ಬಂದಾಗಲೆಲ್ಲ ಬ್ಲೇಡು ಎಳೆದ ಹಾಗೆ. ಎರಡನೇ ಸಾಲು ಪೂರಾ ಸಕಾರ. ಅಲ್ಲಿಗೆ ಬರುವಾಗ ನಾನು ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಇಟ್ಟೆ. ಮೇಲಿನ ಸ್ವರಗಳ ಗುಂಡಿಯನ್ನು, ಟ್ರೆಬಲ್ ಅನ್ನುತ್ತೇವಲ್ಲ ಅದನ್ನು, ಎಲ್ಲ ದನಿಗಳಲ್ಲೂ ತುಂಬ ಏರಿಸಿದ್ದೀಯ. ಅರ್ಧಕ್ಕೆ ಇಳಿಸು. ಹೊಸದಾಗಿ ಮಾಡುವವರೆಲ್ಲ ಸ್ಪಷ್ಟವಾಗಲಿ ಎಂದು ಹೀಗೇ ಮಾಡುತ್ತಾರೆ. ಸರಿಹೋಗುತ್ತದೆ.

ಊಟ ನಿದ್ದೆ ನೋಡಿಕೋ.

ನಿನ್ನ ತಮ್ಮ


ಫೆಬ್ರವರಿ 25

ತಮ್ಮಾ,

ಹೇಳಿದ ಹಾಗೆ ಇಳಿಸಿದೆ. ಹನ್ನೆರಡು ಜನ ಸುತ್ತ ಕೂತು ಕೇಳಿದರು. ಹಾಡು ಮುಗಿದದ್ದೇ ನೀನು ಬರೆದ ಆ ದೊಡ್ಡಮ್ಮ, ನಮ್ಮ ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು, "ಇದೇನೇ, ನಮ್ ಬಾಯಿಗೆ ಬಟ್ಟೆ ತುರುಕಿದಾನಲ್ಲೇ ನಿನ್ ತಮ್ಮ" ಎಂದಳು. ಪದಗಳೇ ಸತ್ತುಹೋಗಿದ್ದವು. ಬರೀ ಗುಂಯ್ ಎನ್ನುವ ಗಂಟಲು. ಹಾಗಾಗಿ ಮತ್ತೆ ಏರಿಸಿದ್ದೇನೆ, ಮೊದಲಿಗಿಂತ ಒಂದು ಕೂದಲು ಹೆಚ್ಚೇ. ಎರಡನೇ ಕಾರ್ಡು ಇದರ ಜೊತೆಗಿದೆ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಂಡರೆ ಮಾಡಿಕೋ. ನಿನ್ನ ಸ್ಟುಡಿಯೋಕ್ಕೆ ಬರುವವರು ಮೆತ್ತಗೆ ಹಾಡುತ್ತಾರೆ. ಮೆತ್ತನೆಯ ಕುರ್ಚಿಯಲ್ಲಿ ಕೂತು, ಸೋಪಿಗೋ ಸೀರೆಗೋ ಎರಡು ಸಾಲು ಹಾಡಿ ಹೋಗುತ್ತಾರೆ. ನಾವು ಮಗ್ಗದ ಮೇಲೆ ಕೂಗಿ ಕೂಗಿ ಗಂಟಲು ಬೆಳೆಸಿದವರು. ನಮ್ಮ ದನಿ ಇರುವುದೇ ಹಾಗೆ. ಚುಚ್ಚುವುದು ಹಾಡೋ, ಹಾಡುವವರೋ, ಒಂದು ಸಲ ಯೋಚಿಸು.

ಅಕ್ಕ


ಮಾರ್ಚ್ 12

ಅಕ್ಕಾ,

ಕಾರ್ಡು ಬಂತು. ಕೆಲಸ ಹೆಚ್ಚಿದ್ದರಿಂದ ತಡವಾಯಿತು.

ನನ್ನ ಮಾತನ್ನು ತಪ್ಪು ತಿಳಿಯಬೇಡ. ನಿಮ್ಮ ದನಿಗಳ ಮೇಲೆ ನನಗೇನೂ ಇಲ್ಲ. ನಾನೇ ಒಂದು ಮಿಕ್ಸ್ ಮಾಡಿ ಕಳಿಸುತ್ತಿದ್ದೇನೆ. ಎಲ್ಲರೂ ಕೂತು ಕೇಳಿ.

ಸುಮ್ಮನೆ ಎರಡು ಪ್ರಶ್ನೆ. ಆ ಹನ್ನೆರಡು ಜನರೂ ಮಗ್ಗದ ಶೆಡ್ಡಿನವರೇನಾ, ಬೇರೆ ವಿಭಾಗದ ಯಾರಾದರೂ ಇದ್ದಾರಾ? ಇನ್ನೊಂದು, ನಿನ್ನ ಕೋಣೆಯ ಗೋಡೆಗೆ ನಾನು ತಂದುಕೊಟ್ಟ ಗಡಿಯಾರ ಇದೆಯಲ್ಲ, ಅದರ ಟಿಕ್ ಟಿಕ್ ಮಂಚದಲ್ಲಿ ಮಲಗಿದರೆ ಕೇಳಿಸುತ್ತದಾ?

ಉತ್ತರ ಬರೆ.

ತಮ್ಮ


ಮಾರ್ಚ್ 24

ತಮ್ಮಾ,

ಹೌದು, ಹನ್ನೆರಡೂ ಜನ ಶೆಡ್ಡಿನವರೇ. ಬೇರೆಯವರು ಹಾಡಲು ಬಂದಿದ್ದರೆ ಈ ಹಾಡು ಯಾಕೆ ಬೇಕಿತ್ತು?

ಗಡಿಯಾರದ್ದೇನು ಕೇಳುತ್ತೀಯ? ಸದ್ದು ಮಾಡದ ಗಡಿಯಾರ ಅದು. ಮುಳ್ಳು ತಿರುಗುತ್ತದೆ, ಅಷ್ಟು ಸಾಕು. ಹಾಡಿನ ಬಗ್ಗೆ ಕೇಳಿದರೆ ಗಡಿಯಾರದ ಬಗ್ಗೆ ಬರೆಯುತ್ತೀಯ. ನಿನಗೆ ನಮ್ಮ ಕೆಲಸ ತಮಾಷೆಯಾಗಿದೆ.

ನಿನ್ನ ಮಿಕ್ಸ್ ಕೇಳಿದೆವು. ಚಳಿಗೆ ರಗ್ಗು ಹೊದ್ದು ಮಲಗಿದವರು ಹಾಡಿದ ಹಾಗಿದೆ. ನಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು, ಮೊನ್ನೆಮೊನ್ನೆ ಮದುವೆಯಾದ ಚಿಕ್ಕಿ, ಇದರಲ್ಲಿ ನಾನೆಲ್ಲಿದ್ದೇನೆ ಎಂದು ಮೂರು ಸಲ ಹಾಕಿಸಿಕೊಂಡು ಹುಡುಕಿದಳು. ಸಿಗಲಿಲ್ಲ. ಉದ್ದಕ್ಕ, ನಿನ್ ತಮ್ಮ ಕಂಪನಿ ಕಡೆಯೋನೇನೇ ಎಂದು ಕೇಳಿದಳು. ನಗುತ್ತಲೇ ಕೇಳಿದಳು. ನಾನು ನಗಲಿಲ್ಲ.

ಸಭೆಯಲ್ಲಿ ನನ್ನದನ್ನೇ ಹಾಕುತ್ತೇವೆ. ಏನಾದರೂ ಹೇಳುವುದಿದ್ದರೆ ಅಷ್ಟರೊಳಗೆ ಬಿಚ್ಚಿ ಹೇಳು. ಗುಂಡಿ ಏರಿಸು ಇಳಿಸು ಎನ್ನುವುದು ಬೇಡ.

ಅಕ್ಕ


ಏಪ್ರಿಲ್ 20

ತಮ್ಮಾ,

ನೀನು ಬರೆಯಲಿಲ್ಲ. ನಾನು ಬರೆಯುತ್ತೇನೆ.

ಸಭೆಯ ದಿನ ಬಾಡಿಗೆಗೆ ತಂದ ದೊಡ್ಡ ಸ್ಪೀಕರುಗಳನ್ನು ವೇದಿಕೆಯ ಎರಡು ಕಡೆ ಇಟ್ಟಿದ್ದೆವು. ಎಡಗಡೆ ಬೆಂಚುಗಳಲ್ಲಿ ನಾವು, ಬಲಗಡೆ ಪ್ಯಾಕಿಂಗ್‌ನವರು, ಹಿಂದೆ ಬಣ್ಣದವರು. ಹಾಡು ಶುರುವಾಯಿತು. ಮೊದಲ ಸಾಲಿಗೇ ಬಲಗಡೆ ಮುಖ ಕಿವುಚಿದರು. ಎರಡನೇ ಸಾಲಿಗೆ ಬಂತು ನೋಡು, ಸದ್ದು ನಿಂತರೆ ಸಾಕು ಕಣೇ ಎನ್ನುವಲ್ಲಿಗೆ, ಬಲಗಡೆಯ ಅಷ್ಟೂ ಜನ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಒಬ್ಬಳು ಟೀ ಲೋಟ ಕೈಬಿಟ್ಟಳು. ಕೆಲವರು ನಗತೊಡಗಿದರು. ನಮ್ಮ ಕಡೆಯವರು ತಾಳ ಹಾಕುತ್ತ ತಲೆದೂಗುತ್ತಿದ್ದರು.

ನಮ್ಮನ್ನು ಅಣಕಿಸುತ್ತಿದ್ದಾರೆ ಅಂದುಕೊಂಡೆವು. ಉದ್ದಕ್ಕ ಬೆಂಚು ಹತ್ತಿ ಬೈದಳು. ಆಗ ಪ್ಯಾಕಿಂಗ್ ವಿಭಾಗದ ಕನ್ನಡಕದವಳು, ನಮಗೆ ಮೊದಲಿನಿಂದಲೂ ಬೇಕಾದವಳು, ಎದ್ದು ನನ್ನ ಹತ್ತಿರ ಬಂದಳು. "ಅಣಕ ಅಲ್ಲ ಕಣಕ್ಕಾ. ಕಿವಿಗೆ ಸೂಜಿ ಹಾಕ್ದಂಗೆ ಆಗುತ್ತೆ. ನಿಮ್ಗೆ ಆಗ್ತಿಲ್ವಾ?"

ನಾನು ಅವಳ ತುಟಿ ನೋಡಿದೆ. ಶೆಡ್ಡಿನಲ್ಲಿ ನಾವು ತುಟಿ ನೋಡಿಯೇ ಮಾತಾಡುವವರು, ಸುಳ್ಳು ಹೇಳುವ ತುಟಿ ನಮಗೆ ಗೊತ್ತಾಗುತ್ತದೆ. ಅವಳು ಸುಳ್ಳು ಹೇಳುತ್ತಿರಲಿಲ್ಲ. ತಲೆಯೆತ್ತಿ ಸಭೆಯನ್ನು ನೋಡಿದೆ. ನಡುವೆ ಯಾರೋ ದಾರ ಎಳೆದ ಹಾಗೆ, ಈ ಕಡೆಯವರೆಲ್ಲ ತಲೆದೂಗುವವರು, ಆ ಕಡೆಯವರೆಲ್ಲ ಕಿವಿ ಮುಚ್ಚಿದವರು. ಆ ಕಡೆ ಒಬ್ಬನೇ ಒಬ್ಬ ಮುದುಕ, ಗೇಟು ಕಾಯುವವನು, ಆರಾಮಾಗಿ ಕಾಲು ಕುಣಿಸುತ್ತ ಕೇಳುತ್ತಿದ್ದ. ಆಮೇಲೆ ವಿಚಾರಿಸಿದೆ. ಗೇಟಿಗೆ ಬರುವ ಮೊದಲು ಅವನೂ ಮಗ್ಗದ ಶೆಡ್ಡಿನಲ್ಲೇ ಇದ್ದನಂತೆ.

ಸಭೆ ನಗೆಪಾಟಲಾಯಿತು. ತೀರ್ಮಾನ ಮುಂದಕ್ಕೆ ಹೋಯಿತು. ಮರುದಿನ ಕನ್ನಡಕದವಳನ್ನು ಮನೆಗೆ ಕರೆದು ಮಂಚದ ಮೇಲೆ ಕೂರಿಸಿದೆ. ಏನಾದರೂ ಕೇಳಿಸುತ್ತದಾ ಎಂದೆ. ಅವಳು ಸುತ್ತ ನೋಡಿ, "ಗಡಿಯಾರ ಬಿಟ್ರೆ ಇನ್ನೇನಿಲ್ಲ. ಎಷ್ಟು ಜೋರಾಗಿ ಬಡ್ಕೊಳುತ್ತಪ್ಪಾ ಇದು, ನಿದ್ದೆ ಹೇಗೆ ಬರುತ್ತೆ ನಿಮ್ಗೆ?" ಎಂದಳು.

ನಿನಗೆ ಗೊತ್ತಿತ್ತು. ಇಲ್ಲದಿದ್ದರೆ ಗಡಿಯಾರದ ಮಾತು ಯಾಕೆ ಎತ್ತುತ್ತಿದ್ದೆ? ಹೌದೋ ಅಲ್ಲವೋ, ಅಷ್ಟು ಬರೆ.

ಅಕ್ಕ


ಮೇ 2

ಅಕ್ಕಾ,

ಹೌದು.

ಎರಡನೇ ಕಾರ್ಡು ಬಂದ ದಿನವೇ ಗೊತ್ತಾಯಿತು. ಮಿಕ್ಸಿನ ಏರಿಳಿತ ನಮ್ಮ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಹೊಸಬರ ತಪ್ಪು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ, ಅಡ್ಡಾದಿಡ್ಡಿ ಇರುತ್ತದೆ. ನಿನ್ನದು ಹಾಗಿರಲಿಲ್ಲ. ಹನ್ನೆರಡು ದನಿಗಳಲ್ಲೂ ಒಂದೇ ಜಾಗದಲ್ಲಿ ಒಂದೇ ಎತ್ತರದ ಗುಡ್ಡ. ಮಗ್ಗದ ಸದ್ದು ಮೊದಲು ತಿನ್ನುವುದು ಅದೇ ಜಾಗವನ್ನು. ಸ, ಶ, ತ ಇವೆಲ್ಲ ಬದುಕುವುದು ಅಲ್ಲೇ. ನೀನು ತಪ್ಪು ಮಾಡಿಲ್ಲ ಅಕ್ಕ. ನಿನ್ನ ಕಿವಿ ಎಷ್ಟು ಕಳೆದುಕೊಂಡಿದೆಯೋ ಅಷ್ಟನ್ನೇ ಹಾಡಿನಲ್ಲಿ ತುಂಬಿದ್ದೀಯ. ಹನ್ನೆರಡು ಜನವೂ ಸರಿ ಎಂದರಲ್ಲ, ಅವರಿಗೂ ಅಷ್ಟೇ ಹೋಗಿದೆ.

ಹೇಗೆ ಬರೆಯಬೇಕಿತ್ತು ಹೇಳು? ನಾಲ್ಕು ಸಲ ಬರೆದು ಹರಿದೆ. ಟ್ರೆಬಲ್ ಇಳಿಸು ಎಂದು ಬರೆಯುವುದು ಸುಲಭವಾಗಿತ್ತು.

ಅಪ್ಪನ ನೆನಪಾಗುತ್ತಿದೆ. ಶೆಡ್ಡಿನ ಪಾಳಿ ಮುಗಿಸಿ ಬಂದವರೇ ನೀರು ಕೊಡಿ ಎನ್ನುವುದನ್ನೂ ಕಿರುಚಿ ಹೇಳುತ್ತಿದ್ದರು. ನಾವು ಮೂಲೆ ಸೇರುತ್ತಿದ್ದೆವು. ಮುಂಗೋಪಿ ಎಂದು ಅವರ ಜೊತೆ ಮಾತೇ ಕಮ್ಮಿ ಮಾಡಿದೆವು. ಅವರಿಗೆ ಕೋಪವೇ ಇರಲಿಲ್ಲವೇನೋ.

ಇಲ್ಲಿಗೆ ಬಾ. ಒಳ್ಳೆಯ ಡಾಕ್ಟರು ಇದ್ದಾರೆ. ಕಿವಿಗೆ ಹಾಕುವ ಮೆಷಿನ್ನು ಕೊಡಿಸುತ್ತೇನೆ, ಕೂದಲ ಕೆಳಗೆ ಇಟ್ಟರೆ ಯಾರಿಗೂ ಕಾಣುವುದಿಲ್ಲ.

ನಿನ್ನ ತಮ್ಮ


ಮೇ 11

ತಮ್ಮಾ,

ಯಾರಿಗೂ ಕಾಣುವುದಿಲ್ಲ ಎಂದು ಬರೆದಿದ್ದೀಯ. ಕಾಣದೆ ಇದ್ದದ್ದಕ್ಕೇ ಅಲ್ಲವೇನೋ ಇಷ್ಟು ವರ್ಷ ಶೆಡ್ಡು ನಮ್ಮ ಕಿವಿ ತಿಂದದ್ದು? ಕೈ ಹೋಗಿದ್ದರೆ ರಕ್ತವಾದರೂ ಕಾಣುತ್ತಿತ್ತು.

ಕಾಗದ ಬಂದ ಮೇಲೆ ಚಿಕ್ಕಿಯನ್ನು ಕರೆದುಕೊಂಡು ಕಂಪನಿಯ ಡಾಕ್ಟರ ಹತ್ತಿರ ಹೋದೆ. ಅವನು ಎರಡು ಸಲ ಚಿಟಿಕೆ ಹೊಡೆದು, ವಯಸ್ಸಾಗುತ್ತ ಎಲ್ಲರಿಗೂ ಹೀಗಾಗುತ್ತದೆ ಎಂದ. ಚಿಕ್ಕಿಗೆ ಇನ್ನೂ ಇಪ್ಪತ್ತನಾಲ್ಕು. ಅವಳು ಹೊರಗೆ ಬಂದು, ಅಕ್ಕಾ, ನಾಳೆ ಮಗು ಹುಟ್ಟಿದರೆ ಅದು ಅತ್ತದ್ದು ನನಗೆ ಕೇಳಿಸುತ್ತದಾ ಎಂದು ಕೇಳಿದಳು. ಇದಕ್ಕೆ ಯಾವ ಗುಂಡಿ ತಿರುಗಿಸಬೇಕು ಹೇಳು.

ಅಪ್ಪನನ್ನು ನೆನೆದು ಅಳಬೇಡ. ಬೇರೆ ಒಂದನ್ನು ನೆನಪಿಸಿಕೋ. ಅಪ್ಪ ಕೆಲಸ ಬಿಟ್ಟಾಗ ಅವರ ಜಾಗಕ್ಕೆ ಮಕ್ಕಳಲ್ಲಿ ಒಬ್ಬರನ್ನು ತೆಗೆದುಕೊಳ್ಳುತ್ತೇವೆ ಎಂದಿತು ಕಂಪನಿ. ಕರೆದದ್ದು ನಿನ್ನನ್ನು. ನೀನು ಅಡುಗೆಮನೆಯ ಬಾಗಿಲಲ್ಲಿ ಹಳೇ ರೇಡಿಯೋ ಬಿಚ್ಚಿಕೊಂಡು ಕೂತಿದ್ದೆ. ಅಮ್ಮ ಏನಂದಳು? "ಅವನ ಕಿವಿ ಸೂಕ್ಷ್ಮ, ಶೆಡ್ಡಿಗೆ ಹೋದ್ರೆ ಹಾಳಾಗುತ್ತೆ. ಇವಳು ಹೋಗ್ಲಿ."

ಇಷ್ಟು ವರ್ಷ ಆ ಮಾತನ್ನು ನಿನ್ನ ಹೊಗಳಿಕೆ ಎಂದು ಇಟ್ಟುಕೊಂಡಿದ್ದೆ. ನನ್ನ ತಮ್ಮನ ಕಿವಿ ಸೂಕ್ಷ್ಮ ಎಂದು ಶೆಡ್ಡಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಈಗ ಅದರ ಇನ್ನೊಂದು ಅರ್ಧ ತಿಳಿಯಿತು. ಶೆಡ್ಡು ಕಿವಿ ತಿನ್ನುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರ ಕಿವಿ ಕೊಡಬಹುದು ಎಂದು ಅಳೆದು ನೋಡಿ ನನ್ನದನ್ನು ಕೊಟ್ಟರು. ನಿನ್ನ ಸೂಕ್ಷ್ಮ ಕಿವಿಗೆ ಅವತ್ತು ಆ ಮಾತು ಬೀಳದೆ ಇರಲಿಲ್ಲ. ಬಾಯಿ ಬಿಡಲಿಲ್ಲ ನೀನು. ಈ ಸಲವೂ ಬಿಡಲಿಲ್ಲ.

ಬೈಯಲು ಬರೆಯುತ್ತಿಲ್ಲ. ಮೆಷಿನ್ನು ಬೇಡ. ಒಂದು ಕಾಗದ ಬೇಕು. ನನಗೆ ಬರೆದದ್ದನ್ನೇ, ಹನ್ನೆರಡು ದನಿ, ಒಂದೇ ಗುಡ್ಡ, ಮಗ್ಗದ ಸದ್ದು, ಎಲ್ಲವನ್ನೂ ಸ್ಟುಡಿಯೋದ ಹೆಸರಿನ ಹಾಳೆಯಲ್ಲಿ ಬರೆದು ಸಹಿ ಹಾಕು. ಸಂಘದವರು ಕಾರ್ಮಿಕ ಅಧಿಕಾರಿಗೆ ದೂರು ಕೊಡುತ್ತಿದ್ದಾರೆ. ಹೊರಗಿನ ಡಾಕ್ಟರಿಂದ ಎಲ್ಲರ ಕಿವಿ ಪರೀಕ್ಷೆ ಮಾಡಿಸಿ ಎಂದು ಕೇಳಲು ಬಲ್ಲವನೊಬ್ಬನ ಮಾತು ಬೇಕು. ಈ ತಿಂಗಳೊಳಗೆ ಕಳಿಸು.

ಅಕ್ಕ


ಜೂನ್ 18

ಅಕ್ಕಾ,

ತಡವಾಯಿತು.

ನೀನು ಕೇಳಿದ ಕಾಗದದ ಬಗ್ಗೆ ಬಹಳ ಯೋಚಿಸಿದೆ. ನಾನು ಡಾಕ್ಟರಲ್ಲ. ಹಾಡಿನ ಮಿಕ್ಸ್ ಕೇಳಿ ಕಿವಿಯ ಬಗ್ಗೆ ಬರೆದುಕೊಟ್ಟರೆ ಅಧಿಕಾರಿಗಳು ನಗುತ್ತಾರೆ. ಅದರಿಂದ ನಿಮ್ಮ ದೂರಿಗೇ ಕೆಟ್ಟದು. ಅಲ್ಲದೆ ಹಾಳೆ ನನ್ನದಲ್ಲ, ಸ್ಟುಡಿಯೋದ್ದು. ಮಾಲೀಕರನ್ನು ಕೇಳಬೇಕಾಗುತ್ತದೆ. ನಿಮ್ಮ ಕಂಪನಿಯ ಬಟ್ಟೆಯ ಜಾಹೀರಾತೂ ಇಲ್ಲಿಗೇ ಬರುತ್ತದೆ ಎನ್ನುವುದನ್ನು ಹಿಂದೆ ಹೇಳಿರಲಿಲ್ಲ.

ಸುಮ್ಮನೆ ಕೂತಿಲ್ಲ ನಾನು. ನಿಮ್ಮ ಹಾಡನ್ನು ಮೊದಲಿನಿಂದ ಮತ್ತೆ ಕೂಡಿಸಿದ್ದೇನೆ. ಒಂದೊಂದು ದನಿಯ ಮೇಲೂ ಕೂತು, ಕೆಮ್ಮು ತೆಗೆದು, ಚುಚ್ಚುವುದನ್ನೆಲ್ಲ ಉಜ್ಜಿ, ಯಾವ ಸಭೆಯಲ್ಲಾದರೂ ಹಾಕಬಹುದಾದ ಹಾಗೆ ಮಾಡಿದ್ದೇನೆ. ನನ್ನ ಕೈಯಿಂದ ಇಷ್ಟು ಒಳ್ಳೆಯ ಕೆಲಸ ಈಚೆಗೆ ಆಗಿರಲಿಲ್ಲ. ಕಾರ್ಡು ಇಟ್ಟಿದ್ದೇನೆ, ಡಾಕ್ಟರ ವಿಳಾಸವೂ ಇದೆ.

ಕೇಳಿ ಹೇಗಿದೆ ಎಂದು ಬರೆ. ಮುಲಾಜು ಬೇಡ.

ತಮ್ಮ


ಜುಲೈ 9

ತಮ್ಮನಿಗೆ,

ಮೊದಲು ಇಲ್ಲಿಯ ಸುದ್ದಿ.

ನಿನ್ನ ಸಹಿಯ ಕಾಗದ ಬಾರದ ಮೇಲೆ ನಮ್ಮ ಕೈಯಲ್ಲಿ ಉಳಿದದ್ದು ನನ್ನ ಮಿಕ್ಸ್ ಒಂದೇ. ಆ ಸ್ಪೀಕರುಗಳನ್ನೇ ಮತ್ತೆ ತಂದು ಕಂಪನಿಯ ಗೇಟಿನ ಮುಂದೆ, ಆಫೀಸಿನ ಕಿಟಕಿಗಳಿಗೆ ಮುಖ ಮಾಡಿ ಇಟ್ಟೆವು. ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ಅದೇ ಹಾಡು, ಬೆಳಿಗ್ಗೆಯಿಂದ. ನಾವು ಸ್ಪೀಕರಿಗೆ ಬೆನ್ನು ಕೊಟ್ಟು ಬುತ್ತಿ ಬಿಚ್ಚಿ ಊಟ ಮಾಡಿದೆವು. ಪ್ಯಾಕಿಂಗ್‌ನವರು ಕೆಲವರು, ಕನ್ನಡಕದವಳು ಮುಂದಾಗಿ, ಕಿವಿಗೆ ಹತ್ತಿ ತುರುಕಿಕೊಂಡು ಬಂದು ನಮ್ಮ ಪಕ್ಕ ಕೂತರು. ಬಣ್ಣದವರು ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಿಟಕಿಗಳೆಲ್ಲ ಮುಚ್ಚಿದವು. ಆಮೇಲೆ ಮ್ಯಾನೇಜರೇ ಇಳಿದು ಬಂದರು, ಎರಡೂ ಕಿವಿಗೆ ಬೆರಳಿಟ್ಟುಕೊಂಡು. ತಲೆ ಒಡೆದುಹೋಗುತ್ತಿದೆ, ನಿಲ್ಲಿಸಿ ಎಂದು ಕೂಗಿದರು. ಅವರ ತುಟಿ ನಮಗೆಲ್ಲ ಚೆನ್ನಾಗಿ ಕಾಣುತ್ತಿತ್ತು. ದೊಡ್ಡಮ್ಮ ಕೂತಲ್ಲಿಂದಲೇ ಹೇಳಿದಳು: "ಏನಂದ್ರಿ ಸ್ವಾಮಿ? ನಮ್ಗೆ ಕೇಳ್ಸಲ್ಲ. ಬರ್ದು ಕೊಡಿ."

ಬರೆದೇ ಕೊಟ್ಟರು. ಮರುವಾರ ನನಗೂ, ದೊಡ್ಡಮ್ಮನಿಗೂ, ಉದ್ದಕ್ಕನಿಗೂ ಒಂದೊಂದು ಕಾಗದ ಬಂತು. ಕಿವಿ ಮಂದವಾಗಿರುವುದರಿಂದ ಯಂತ್ರದ ಬಳಿ ಇರುವುದು ಅಪಾಯ, ನಿಮ್ಮ ಒಳ್ಳೆಯದಕ್ಕಾಗಿಯೇ ಕೆಲಸದಿಂದ ಬಿಡಿಸಲಾಗಿದೆ ಎಂದು. ಕೆಳಗೆ ಸಹಿ ಅದೇ ಚಿಟಿಕೆಯ ಡಾಕ್ಟರದು. ಪರೀಕ್ಷೆ ಕೇಳಿದಾಗ ವಯಸ್ಸು, ಗೇಟಿನಲ್ಲಿ ಕೂತಾಗ ಕಿವುಡು. ನೀನು ಬರೆಯಲು ಹೆದರಿದ್ದನ್ನು ಕಂಪನಿಯೇ ಬರೆದು ಸಹಿ ಹಾಕಿದೆ. ಸಂಘದವರು ಆ ಕಾಗದವನ್ನೇ ದೂರಿಗೆ ಸೇರಿಸಿದ್ದಾರೆ. ಚಿಕ್ಕಿ ಇನ್ನೂ ಒಳಗಿದ್ದಾಳೆ, ಆರು ಮಗ್ಗದ ನಡುವೆ. ಬಿಟ್ಟು ಬಾ ಎನ್ನಲು ಅವಳಿಗೆ ಕೊಡುವಂಥ ಬೇರೆ ಕೆಲಸ ನನ್ನ ಹತ್ತಿರವಿಲ್ಲ.

ಇನ್ನು ನಿನ್ನ ಮಿಕ್ಸ್. ಹೇಗಿದೆ ಎಂದು ಕೇಳಿದ್ದೀಯ, ಹೇಳುತ್ತೇನೆ.

ಕನ್ನಡಕದವಳನ್ನು ಮನೆಗೆ ಕರೆದು ಹಾಕಿದೆ. ಅವಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಎಷ್ಟು ಚೆನ್ನಾಗಿದೆ ಅಕ್ಕಾ, ಸಿನಿಮಾ ಹಾಡಿನ ಹಾಗಿದೆ ಎಂದಳು. ಎರಡನೇ ಸಲ ಹಾಕಿದಾಗ ತಾನೂ ಹಾಡತೊಡಗಿದಳು. ನಾನು ಎದುರಿಗೆ ಕೂತಿದ್ದೆ. ಹಾಡು ಈಗ ಎಲ್ಲಿಗೆ ಬಂತು ಎಂದು ಅವಳ ತುಟಿ ನೋಡಿ ತಿಳಿದುಕೊಂಡೆ.

ನಿನ್ನ ಕೆಲಸದಲ್ಲಿ ಒಂದು ತಪ್ಪೂ ಇಲ್ಲವಂತೆ. ನನಗೆ ಡೋಲು ಕೇಳಿಸಿತು. ನಮ್ಮಲ್ಲಿ ಒಬ್ಬಳ ಮಾತೂ ಕೇಳಿಸಲಿಲ್ಲ.

ನಿನ್ನ ಕಾರ್ಡನ್ನು ಇದರ ಮೂಲೆಗೆ ಅಂಟಿಸಿದ್ದೇನೆ. ಉಗುರಿನಿಂದ ಹುಷಾರಾಗಿ ಬಿಡಿಸಿಕೋ.

ಮಗ್ಗದ ಶೆಡ್ಡಿನವಳು